ಅಟ್ಲಾಂಟಾದಿಂದ ಬಂದ ಹಪ್ಪಳ

ಅಟ್ಲಾಂಟಾದ ಯಾರ್ಡಿನಲ್ಲಿ ನಿಂತಿದ್ದ ಯತೀಶನ ಮೂರೂ ಟ್ರಕ್‌ಗಳಿಗೆ ಶೆರಿಫ್‌ನ ಜನ ಬೀಗ ಜಡಿದರು. ಅಪಘಾತದ ದಾವೆಯೊಂದಕ್ಕೆ ಅವನು ಉತ್ತರ ಕೊಡದ್ದರಿಂದ ತೀರ್ಪು ಎದುರಾಳಿಯ ಪಾಲಾಗಿತ್ತು. ದಾವೆ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ! ಟ್ರಕ್ ಹೋದರೆ ಷಾರ್ಲಟ್ ಪಕ್ಕದ ಫೋರ್ಟ್ ಮಿಲ್‌ನಲ್ಲಿದ್ದ ಅವನ ಕಂಪನಿಯೂ ಹೋದಂತೆ.

ವಿಮೆ ಕಂಪನಿಯ, ಷಾರ್ಲಟ್‌ನ ಬ್ಯಾಲಂಟೈನ್ ಬಡಾವಣೆಯ ಆಫೀಸಿನಿಂದ ತನಿಖೆಗೆ ಶೈಲಜಾ ಬಂದಳು. ಮಾತು ಕಡಿಮೆ, ಕಿವಿ ಚುರುಕು.

ರಾಜ್ಯ ದಾಟಿ ಸರಕು ಸಾಗಿಸುವವರು ಕೋರ್ಟ್ ಕಾಗದ ಪಡೆಯಲು ಪ್ರತಿ ರಾಜ್ಯದಲ್ಲೂ ಒಬ್ಬ ಏಜೆಂಟನನ್ನು ನೇಮಿಸಬೇಕು. ಅವನ ಕೈಗೆ ಕೊಟ್ಟರೆ ಮಾಲೀಕನ ಕೈಗೇ ಕೊಟ್ಟ ಲೆಕ್ಕ. ಅಟ್ಲಾಂಟಾ ಇರುವ ಜಾರ್ಜಿಯಾದಲ್ಲಿ ಯತೀಶನ ಏಜೆಂಟ್ ಗೋಪಿನಾಥ. ಅವನೇ ಕೈಕೊಟ್ಟನೆಂದು ಯತೀಶ ಹಲ್ಲು ಕಡಿದ.

*

ಶೈಲಜಾ ಫೋನ್ ಮಾಡಿದಾಗ ಗೋಪಿನಾಥ ಅಳುವುದೊಂದು ಬಾಕಿ. ಸಮನ್ಸ್ ಬಂದಾಗ ಯತೀಶ ಫೋನಿಗೆ ಸಿಕ್ಕಿರಲಿಲ್ಲ. ಅಟ್ಲಾಂಟಾಗೆ ಬಂದಿದ್ದ ಯತೀಶನ ಗೆಳೆಯ ಶೇಷಾದ್ರಿ ಅಂದೇ ಷಾರ್ಲಟ್‌ಗೆ ಹೊರಟಿದ್ದ. ಗೋಪಿನಾಥ ಹಪ್ಪಳ ತುಂಬಿದ ಸ್ಟೀಲ್ ಡಬ್ಬಿಗೆ ಸಮನ್ಸ್‌ನ ಲಕೋಟೆ ಅಂಟಿಸಿ, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ 'ಕೋರ್ಟ್ ಪೇಪರ್, ಅರ್ಜೆಂಟ್' ಎಂದು ಬರೆದು ಕೊಟ್ಟು ಕಳಿಸಿದ್ದನಂತೆ. ಆಮೇಲೆ ಕೇಳಿದಾಗ ತಲುಪಿಸಿದೆನೆಂದೂ ಶೇಷಾದ್ರಿ ಹೇಳಿದ್ದನಂತೆ.

"ಕೊರಿಯರ್ ಯಾಕೆ ಮಾಡ್ಲಿಲ್ಲ?"

"ನಮ್ಮೋರೇ ಹೋಗ್ತಿದ್ರಲ್ಲ ಮೇಡಂ."

ಹೋಗುವವರ ಕೈಯಲ್ಲಿ ಏನಾದರೂ ಕಳಿಸದಿದ್ದರೆ ನಮ್ಮವರಿಗೆ ಉಂಡದ್ದು ಅರಗುವುದಿಲ್ಲ. ಫೋನಿಡುವ ಮುಂಚೆ ಗೋಪಿನಾಥ ಸಂಕೋಚದಿಂದ ಇನ್ನೊಂದು ಹೇಳಿದ. ಯತೀಶನ ಮನೆಯವರು ಡಬ್ಬಿಯನ್ನು ಇನ್ನೂ ಹಿಂದಿರುಗಿಸಿಲ್ಲವೆಂದು ಹೆಂಡತಿಗೆ ಬೇಸರ.

*

ಶೇಷಾದ್ರಿಯನ್ನು ಯತೀಶನ ಮನೆಗೇ ಕರೆಸಿದರು. ಡಬ್ಬಿಯನ್ನು ಇದ್ದ ಹಾಗೇ ಯತೀಶನ ಹೆಂಡತಿ ನವ್ಯಾಳ ಕೈಗಿಟ್ಟೆ, ಲಕೋಟೆ ಅದಕ್ಕೇ ಅಂಟಿಕೊಂಡಿತ್ತು ಎಂದ ಅವನು. ಯತೀಶ ಹೆಂಡತಿಯ ಮೇಲೆ ಹರಿಹಾಯ್ದ. ನವ್ಯಾಳ ಕಣ್ಣು ತುಂಬಿತು.

ಶೈಲಜಾ ಅವಳನ್ನು ಅಡುಗೆಮನೆಗೆ ಕರೆದೊಯ್ದಳು.

"ಡಬ್ಬಿ ಯಾಕೆ ವಾಪಸ್ ಕೊಟ್ಟಿಲ್ಲ?"

"ಯಾವ ಡಬ್ಬಿ? ಹಪ್ಪಳ ಗ್ರೋಸರಿ ಬ್ಯಾಗಲ್ಲಿ ಬಂತು. ಡಬ್ಬಿ ಬಂದಿದ್ರೆ ಅದ್ರಲ್ಲಿ ಏನಾದ್ರೂ ತುಂಬಿ ಆವಾಗ್ಲೇ ಕಳಿಸಿರ್ತಿದ್ದೆ."

ಶೈಲಜಾಳಿಗೆ ಅಷ್ಟು ಸಾಕಾಗಿತ್ತು.

*

"ಶೇಷಾದ್ರಿ ಅವ್ರೇ, ಡಬ್ಬಿ ಎಲ್ಲಿ?"

ಅವನು ಬೆವತ. ಶೈಲಜಾಳೇ ಬಿಡಿಸಿ ಹೇಳಿದಳು. ಲಕೋಟೆ ಕಿತ್ತರೂ ಮುಚ್ಚಳದ ಬರಹ ಉಳಿಯುತ್ತಿತ್ತು. ಅದಕ್ಕೇ ಹಪ್ಪಳವನ್ನು ಬ್ಯಾಗಿಗೆ ಸುರಿದು ಡಬ್ಬಿಯನ್ನೇ ಮಾಯ ಮಾಡಿದ್ದ. ಬೇರೆಯವರ ಡಬ್ಬಿ ಮನೆಯಲ್ಲಿದ್ದರೆ ಯಾವ ಗೃಹಿಣಿಯೂ ಮರೆಯಲಾರಳು ಎಂಬುದು ಅವನಿಗೆ ಹೊಳೆದಿರಲಿಲ್ಲ.

ಶೇಷಾದ್ರಿ ಗೆಳೆಯನ ಕಡೆ ತಿರುಗಿದ. "ಮೊದ್ಲು ಇಬ್ರೂ ಒಂದೇ ಟ್ರಕ್ ಓಡಿಸ್ತಿದ್ವಿ ಕಣೋ. ಈಗ ಯಾವ ಪಾರ್ಟಿಗೆ ಹೋದ್ರೂ ನನ್ನ 'ಯತೀಶನ ಫ್ರೆಂಡ್' ಅಂತಾರೆ. ನಂಗೊಂದು ಹೆಸರಿಲ್ವಾ? ಹೊಟ್ಟೆ ಉರೀತಿತ್ತು."



ತೀರ್ಪು ರದ್ದಾಗಬೇಕಾದರೆ ಇದನ್ನೇ ಜಡ್ಜ್ ಮುಂದೆ ಹೇಳಬೇಕೆಂದಳು ಶೈಲಜಾ. ಶೇಷಾದ್ರಿ ಒಪ್ಪಿ ತಲೆಯಾಡಿಸಿದ. ಆಮೇಲೆ ಮೆಲ್ಲನೆ ಕೇಳಿದ: "ನಾನು ಹೇಳಿದ್ರೆ ಇವ್ನ ಟ್ರಕ್ ವಾಪಸ್ ಸಿಗುತ್ತಾ?"

"ಸಿಗ್ಬಹುದು. ಮೂರೂ."

ತಪ್ಪು ಒಪ್ಪಿಕೊಳ್ಳುವಾಗಲೂ ಬಾಡದ ಶೇಷಾದ್ರಿಯ ಮುಖ ಈಗ ಬಾಡಿತು.