ಹಸಿರಿಗೂ ಕಪ್ಪಿಗೂ ನಡುವೆ

ಪ್ರೆಸ್ಸಿನ ಅಕ್ಷರಜೋಡಣೆಯ ಕಂಪ್ಯೂಟರ್ ಬೆಳಿಗ್ಗೆ ಹೊಗೆಯುಗುಳಿ ಸತ್ತಿತ್ತು. ಅದರೊಂದಿಗೆ ಶಾಲಾಪುಸ್ತಕದ ಮುನ್ನೂರು ಪುಟವೂ ಹೋಗಿತ್ತು. ಹನ್ನೆರಡು ದಿನದ ಹಿಂದೆ ಅದಕ್ಕೆ ಹೊಸ ಪವರ್ ಸಪ್ಲೈ, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬ, ಕೂರಿಸಿದವಳು ರಿಪೇರಿ ಅಕ್ಕ. ಎಲ್ಲರ ಬೆರಳೂ ಅವಳ ಕಡೆಗೇ.

"ತಪ್ಪು ನಿಮ್ಮದೇ ಆದ್ರೆ, ನಿಮ್ಮ ಅಂಗಡಿಗೆ ಯಾರೂ ಯಂತ್ರ ಕೊಡಬೇಡಿ ಅಂತ ನಾನೇ ಊರಿಗೆಲ್ಲ ಹೇಳ್ತೀನಿ" ಎಂದಿದ್ದರು ಪ್ರೆಸ್ಸಿನ ಯಜಮಾನರು.

ಹತ್ತು ವರ್ಷದಲ್ಲಿ ಗಳಿಸಿದ ಹೆಸರು. ಹೆದರಿದ ಅಕ್ಕ, ಅಂಗಡಿಯ ಮಹಡಿಯಲ್ಲೇ ಇದ್ದ ಸೋದರಮಾವನನ್ನು ಕರೆತಂದಳು. ಕರೆಂಟು ಕದಿಯುವವರನ್ನು ಹಿಡಿದು ಹಿಡಿದೇ ತಲೆ ಬೆಳ್ಳಗಾದ ಅವರನ್ನು ಬೀದಿಯವರೆಲ್ಲ ಮೀಟರ್ ಮಾವ ಎನ್ನುತ್ತಿದ್ದರು.

"ಕೂರಿಸಿದಾಗ ವೋಲ್ಟೇಜ್ ಹೇಗೆ ಅಳೆದೆ?" ದಾರಿಯಲ್ಲಿ ಮಾವ ಕೇಳಿದರು.

"ಯಂತ್ರ ಕೆಲಸ ಮಾಡ್ತಿರುವಾಗಲೇ ಮಾವ. ಭಾರ ಬಿದ್ದಾಗಲೇ ನಿಜ ಗೊತ್ತಾಗೋದು. ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟ್ ಇರಬೇಕು, ಹನ್ನೆರಡು ಪಾಯಿಂಟ್ ಸೊನ್ನೆ ಎಂಟು ಇತ್ತು. ಡಬ್ಬದ ಅಡಿಯಲ್ಲಿ ಪೆನ್ಸಿಲಲ್ಲಿ ಬರೆದಿದ್ದೀನಿ."

ಪ್ರೆಸ್ಸಿನ ಮೇಲ್ವಿಚಾರಕ ಸುಟ್ಟ ಸಪ್ಲೈಯನ್ನು ಕಪಾಟಿಗೆ ಹಾಕಿ ಬೀಗ ಜಡಿದಿದ್ದ. "ಅದು ಸಾಕ್ಷಿ, ಮುಟ್ಟೋ ಹಾಗಿಲ್ಲ. ಮೊನ್ನೆ ಅನುಮಾನ ಬಂದು ಬಿಚ್ಚಿ, ಈ ಮೇಜಿನ ಮೇಲಿಟ್ಟು, ಗೋಡೆಯ ವೈರ್ ಒಂದನ್ನೇ ಸಿಕ್ಕಿಸಿ ಅಳೆದೆ. ಹಳದಿ ತಂತಿಯಲ್ಲಿ ಹದಿನೈದು ವೋಲ್ಟ್. ಮತ್ತೆ ಅಲ್ಲೇ ಕೂರಿಸಿದೆ. ಇವತ್ತು ಹೇಳೋಣ ಅನ್ನೋಷ್ಟರಲ್ಲಿ ಹೀಗಾಯ್ತು."

ಅಕ್ಕ ನಂಬದೆ ತನ್ನ ಮೀಟರ್ ತೆಗೆಯಹೋದಳು. ವೋಲ್ಟೇಜ್ ಅಳೆಯುವ ಆ ಮೀಟರಿನ ಚೀಲದಿಂದ ಏನೋ ಕೆಳಗೆ ಬಿತ್ತು. ಮೇಲ್ವಿಚಾರಕ ಎತ್ತಿಕೊಟ್ಟ. "ಕಾಗದಕ್ಕೆ ಹಾಕೋ ಕ್ಲಿಪ್ಪನ್ನ ಯಾಕಮ್ಮ ಹೀಗೆ ಬಗ್ಗಿಸಿಟ್ಟಿದ್ದೀರಿ?"

ಅವಳು ಬಾಯಿ ತೆರೆಯುವ ಮೊದಲೇ ಮಾವ ಕ್ಲಿಪ್ಪನ್ನು ಜೇಬಿಗಿಳಿಸಿದರು. ಆಮೇಲೆ ಮೇಲ್ವಿಚಾರಕನ ಮೇಜಿನ ಕಂಪ್ಯೂಟರ್ ನೋಡಿ, "ಇದು ಚೆನ್ನಾಗಿದೆಯಾ?" ಎಂದರು.

"ಗಂಟೆಗೊಮ್ಮೆ ಆಫ್ ಆಗ್ತಿತ್ತು. ಹೊಸ ಸಪ್ಲೈ ಕೇಳಿದ್ರೆ ಯಜಮಾನರು ಕೊಡಲಿಲ್ಲ. ಈಗ ಒಂದು ವಾರದಿಂದ ಗುಂಡುಕಲ್ಲಿನ ಹಾಗಿದೆ."

ಮಧ್ಯಾಹ್ನ ಯಜಮಾನರು, ಅಕ್ಷರಜೋಡಣೆಯವರು ಎಲ್ಲರೂ ಮೇಲ್ವಿಚಾರಕನ ಕೋಣೆಯಲ್ಲಿ ಸೇರಿದರು. ಮಾವ ಅಂಗಡಿಯಿಂದ ತಂದ ಅದೇ ಬಗೆಯ ಹೊಸ ಸಪ್ಲೈಯನ್ನು ಮೇಜಿನ ಮೇಲಿಟ್ಟರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಮೊನ್ನೆ ಅಳೆದ ಹಾಗೇ ಅಳೆದು ತೋರಿಸಿ ಸ್ವಾಮಿ."

ಮೇಲ್ವಿಚಾರಕ ವೈರ್ ಸಿಕ್ಕಿಸಿ ಮೀಟರಿನ ಕಡ್ಡಿ ಹಿಡಿದ. ಸೊನ್ನೆ. ಮತ್ತೆ ಹಿಡಿದ. ಸೊನ್ನೆಯೇ. "ಇದು ಕೆಟ್ಟಿದೆ" ಎಂದ.

ಮಾವ ಜೇಬಿನಿಂದ ಕ್ಲಿಪ್ ತೆಗೆದು ಹಸಿರು ತಂತಿಗೂ ಕಪ್ಪು ತಂತಿಗೂ ಕೊಂಡಿ ಹಾಕಿದರು. ಫ್ಯಾನ್ ಸುಯ್ಯೆಂದಿತು. ಮೀಟರ್ ಹನ್ನೆರಡು ತೋರಿಸಿತು.

"ಹೊರಗೆ ತೆಗೆದ ಸಪ್ಲೈ ತಾನಾಗಿ ಎಚ್ಚರಾಗಲ್ಲ ಯಜಮಾನ್ರೇ. ಕಂಪ್ಯೂಟರಿನ ಬೋರ್ಡು ಹಸಿರು ತಂತಿಯನ್ನ ಕಪ್ಪಿಗೆ ಸೇರಿಸಿದಾಗಲೇ ಏಳೋದು. ಮೇಜಿನ ಮೇಲೆ ಆ ಕೆಲಸಕ್ಕೇ ಈ ಕ್ಲಿಪ್ಪು. ಅದು ಯಾಕೆ ಅಂತಲೇ ಗೊತ್ತಿಲ್ಲದವರಿಗೆ ಮೊನ್ನೆಯೂ ಸೊನ್ನೆಯೇ ಬರಬೇಕಿತ್ತು; ಹದಿನೈದು ಅಳೆದೆ ಅನ್ನೋದು ಸುಳ್ಳು. ಸುಳ್ಳು ಯಾಕೆ? ಸುಟ್ಟದ್ದು ಇವಳು ಕೂರಿಸಿದ್ದಲ್ಲ, ಅದನ್ನ ಯಾರೂ ನೋಡಬಾರದು ಅಂತ. ಇವರ ಮೇಜಿನ ರೋಗಿಷ್ಟ ಯಂತ್ರ ಒಂದು ವಾರದ ಹಿಂದೆ ಔಷಧವಿಲ್ಲದೆ ವಾಸಿಯಾಯ್ತಲ್ಲ, ಅದರ ಹೊಟ್ಟೆ ಬಿಚ್ಚಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಲ್ವಿಚಾರಕ ತನ್ನ ಕಂಪ್ಯೂಟರಿಗೆ ಅಡ್ಡ ನಿಂತ. ಯಜಮಾನರು ಅವನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು.

ಅಕ್ಕ ತಿರುಪು ಬಿಚ್ಚಿ ಸಪ್ಲೈ ಮಗುಚಿದಳು. ಪೆನ್ಸಿಲಿನ ಅಕ್ಷರ ಅಲ್ಲೇ ಇತ್ತು: 12.08, ಪಕ್ಕದಲ್ಲಿ ತಾರೀಖು.

"ನನ್ನ ಹಳೇ ಸಪ್ಲೈಯನ್ನ ಅದಕ್ಕೆ ಹಾಕಿದ್ರೆ ಯಂತ್ರವೇ ಸುಡುತ್ತೆ ಅಂತ ಗೊತ್ತಿರಲಿಲ್ಲ" ಎಂದ ಮೇಲ್ವಿಚಾರಕ, ನೆಲ ನೋಡುತ್ತ.

ಯಜಮಾನರು ಸಪ್ಲೈಯನ್ನು ಕೈಗೆತ್ತಿಕೊಂಡರು. ಆ ಅಂಕಿಯನ್ನು ಓದಿದರು. ಅಕ್ಕನಿಗೆ ಕಣ್ಣು ತುಂಬಿ ಅದು ಮಸುಕಾಗಿತ್ತು. ಅವರು ಮೇಜಿನಿಂದ ಪೆನ್ಸಿಲ್ ಎತ್ತಿ ಅವಳ ಕೈಗಿಟ್ಟರು.

"ಇನ್ನೊಂದು ಸಲ ಅಳೆದು, ಇವತ್ತಿನ ತಾರೀಖು ಬರಿಯಮ್ಮ."