ಗಂಟು ನುಂಗಿದ ಮೀನು

“ತಗೊಂಡ್ಹೋಗಿ, ಬೇಡ ಅನ್ನಲ್ಲ. ಆದ್ರೆ ಇದರ ಮುಂದೆ ನಿಂತು ‘ನಾನೇ ಸಾಕಿದ್ದು’ ಅಂತ ಮಾತ್ರ ಹೇಳ್ಬೇಡಿ,” ಎಂದಳು ಮೀನಿನಂಗಡಿಯವಳು.

ಕನ್ನಡಕದಂಗಡಿಯವನಿಗೆ ನಗು ಬಂತು. ಹಗಲೆಲ್ಲ ಜನರ ಕಣ್ಣು ಪರೀಕ್ಷಿಸಿ, ಇದ್ದದ್ದನ್ನು ಇದ್ದ ಹಾಗೆ ಕಾಣಿಸುವುದು ಅವನ ಕಸುಬು. ಮಾಟ, ಮಂತ್ರ ಎಂದರೆ ಮೂಗು ಮುರಿಯುವ ಆಸಾಮಿ. ಅಂಗಡಿಯೊಳಗೆ ಪಾಚಿಯ ಹಸಿ ವಾಸನೆ ಕಟ್ಟಿತ್ತು. ಸಾಲು ತೊಟ್ಟಿಗಳಲ್ಲಿ ಗಾಳಿಯ ಮೋಟಾರುಗಳು ಗುಳುಗುಳು ಎನ್ನುತ್ತಿದ್ದವು. ಮೂಲೆಯ ಮಬ್ಬಿನಲ್ಲಿ ಒಂದೂವರೆ ಗೇಣು ಉದ್ದದ ಆಸ್ಕರ್ ಮೀನು. ಕಪ್ಪು ಮೈ, ಬಾಲದ ಬುಡದಲ್ಲಿ ಕಿತ್ತಳೆ ಬಣ್ಣದ ಉಂಗುರ. ಅದು ರೆಕ್ಕೆ ಆಡಿಸುತ್ತ ಅವನನ್ನೇ ನೋಡುತ್ತಿತ್ತು.

“ಯಾಕಂತೆ?”

“ಇದನ್ನ ಮರಿಯಿಂದ ಸಾಕಿದ್ದು ಒಬ್ಬ ಮುದುಕಿ, ಬಟ್ಟೆ ಹೊಲಿಯೋಳು. ಅವಳು ಆಸ್ಪತ್ರೇಲಿದ್ದಾಗ ಮೈದುನ ಕದ್ದು ತಂದು, ತಾನೇ ಸಾಕಿದ್ದು ಅಂತ ನನಗೆ ಮಾರಿದ. ಆಮೇಲೆ ಅವಳು ಹುಡುಕ್ಕೊಂಡು ಬಂದ್ಲು. ಅಳಲಿಲ್ಲ, ಕೂಗಾಡಲಿಲ್ಲ. ಕರೀ ದಾರಕ್ಕೆ ಮೂರು ಗಂಟು ಹಾಕಿ, ಒಂದೊಂದಕ್ಕೂ ಏನೋ ಮಣಮಣ ಅಂದು ಮೀನಿಗೆ ನುಂಗಿಸಿದ್ಲು. ‘ಸುಳ್ಳು ಹೇಳಿ ಇದನ್ನ ಸಾಕಿದೆ ಅಂದೋನನ್ನ, ಅವನು ನಿಜವಾಗಿ ಸಾಕಿದ ಜೀವವೇ ಮರೀಲಿ’ ಅಂದ್ಲು. ಮಾರನೇ ವಾರ ತೀರ್ಕೊಂಡ್ಲು. ಮೈದುನನ ಮಗ ಈಗ ಅಪ್ಪನನ್ನೇ ಬಾಗಿಲಲ್ಲಿ ತಡೆದು ‘ಯಾರು ಬೇಕಿತ್ತು?’ ಅಂತಾನೆ.”

“ಬಿಡಿಸೋ ದಾರಿ ಇಲ್ವೇನು?”

“ಪೂರ್ತಿ ನಿಜ ಹೇಳಿದ್ರೆ ದಾರ ಹೊರಗೆ ಬರುತ್ತಂತೆ. ಆತ ಇವತ್ತಿಗೂ ಹೇಳಿಲ್ಲ.”

“ಆ ಮಗನಿಗೆ ದೃಷ್ಟಿ ಮಂಜಾಗಿರ್ಬೇಕು. ನನ್ನ ಅಂಗಡಿಗೆ ಕಳಿಸಿ, ಒಳ್ಳೇ ಕನ್ನಡಕ ಕೊಡ್ತೀನಿ,” ಎಂದು ಅವನು ಚೀಲ ಕಟ್ಟಿಸಿಯೇಬಿಟ್ಟ.

ಅವನಿಗೆ ಆ ಮೀನು ಬೇಕೇ ಬೇಕಿತ್ತು. ಒಂಬತ್ತು ವರ್ಷದ ಮಗಳು ರಜೆಗೆಂದು ತಾಯಿಯ ಜೊತೆ ಅಜ್ಜಿಯ ಮನೆಗೆ ಹೊರಟಾಗ ಬೆರಳುದ್ದದ ಆಸ್ಕರ್ ಮರಿಯನ್ನು, ಅವಳ ಗುಂಡನನ್ನು, ಅಪ್ಪನಿಗೆ ಒಪ್ಪಿಸಿದ್ದಳು. ಆಹಾರದ ಡಬ್ಬಿಗೆ ಚೀಟಿ ಅಂಟಿಸಿದ್ದಳು: ಬೆಳಿಗ್ಗೆ ಐದು ಕಾಳು, ಸಂಜೆ ಐದು ಕಾಳು. ಎರಡೇ ವಾರಕ್ಕೆ ಗುಂಡ ಹೊಟ್ಟೆ ಮೇಲಾಗಿ ತೇಲಿದ್ದ. ನಾಳೆ ಅವಳು ಬರುತ್ತಾಳೆ. ಎರಡು ತಿಂಗಳಲ್ಲಿ ಮರಿ ಬೆಳೆದಿರಬೇಕಲ್ಲ. ಬೆರಳುದ್ದದ್ದನ್ನೇ ತಂದಿಟ್ಟರೆ ಕೇಳದೆ ಬಿಡುವವಳಲ್ಲ. ಅದರ ಬದಲು ದೊಡ್ಡದನ್ನು ತಂದರೆ ಸಾಕಿದ ಕೈಗೆ ಹೊಗಳಿಕೆಯೂ ಸಿಕ್ಕೀತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಮನೆಯ ತೊಟ್ಟಿ ಮರಿಗೆಂದು ತಂದದ್ದು. ಪಾಪದ ಮೀನು ಅದರಲ್ಲಿ ತಿರುಗಬೇಕಾದರೆ ಬಾಲ ಮಡಿಸಬೇಕಾಯಿತು. ಅದನ್ನು ನೋಡಿಯೂ ಅವನು ನೋಡಲಿಲ್ಲ.

ಮರುದಿನ ಸಂಜೆ ಮಗಳು ಹೆಗಲಿನ ಚೀಲವನ್ನೂ ಇಳಿಸದೆ ತೊಟ್ಟಿಯ ಬಳಿ ಓಡಿದಳು.

“ಅಪ್ಪಾ! ಇದು ನಮ್ಮ ಗುಂಡನಾ?”

“ಮತ್ತಿನ್ಯಾರು? ನಾನೇ ಸಾಕಿದ್ದು. ದಿನಾ ಹತ್ತು ಕಾಳು, ಒಂದೂ ತಪ್ಪಿಸಿಲ್ಲ.”

ಮೋಟಾರಿನ ಗುಳುಗುಳು ನಿಂತುಹೋಯಿತು. ಮೀನು ಗಾಜಿಗೆ ಬಂದು ಬಾಯಿ ತೆರೆಯಿತು. ಒಳಗೆ, ನಾಲಿಗೆಯ ಬುಡದಲ್ಲಿ, ಕಪ್ಪು ದಾರದ ತುದಿ.

ಚಪ್ಪಾಳೆಗೆಂದು ಎತ್ತಿದ ಮಗಳ ಕೈ ಹಾಗೇ ಉಳಿಯಿತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಲ್ಲನೆ ಹಿಂದೆ ಸರಿದು ತಾಯಿಯ ಬೆನ್ನಿಗೆ ಅಂಟಿಕೊಂಡಳು.

“ಅಮ್ಮಾ, ಇವರ್ಯಾರು?”

ತಾಯಿ ನಕ್ಕಳು. ಆಮೇಲೆ ನಗು ನಿಂತಿತು.

ಅವನಿಗೆ ತೋಚಿದ್ದು ತನ್ನ ಕಸುಬೇ. ಮಗುವನ್ನು ಮುಂದಿನ ಕೋಣೆಯಲ್ಲಿದ್ದ ಅಂಗಡಿಗೆ ಕರೆಸಿ, ಅಕ್ಷರದ ಹಲಗೆಯ ಎದುರು ಕೂರಿಸಿದ. ಇರುವೆಯಷ್ಟು ಅಕ್ಷರಗಳ ಕೊನೆಯ ಸಾಲನ್ನೂ ಅವಳು ತಡವರಿಸದೆ ಓದಿದಳು. ಗೋಡೆಯ ಫೋಟೋದಲ್ಲಿ ತನ್ನನ್ನು ತೋರಿಸಿದಳು, ಅಮ್ಮನನ್ನು ತೋರಿಸಿದಳು.

“ನಿನ್ನನ್ನ ಎತ್ಕೊಂಡಿರೋರು?”

“ಗೊತ್ತಿಲ್ಲ. ಅಮ್ಮಾ, ಇವರನ್ನ ಮನೆಯಿಂದ ಕಳಿಸು.”

ಆಗ ಅವನಿಗೆ ಮೀನಿನಂಗಡಿಯವಳ ಮಾತು ನೆನಪಾಯಿತು. ಒಳಗೆ ಓಡಿದ. ತಾಯಿ, ಮಗಳು ಹಿಂದೆಯೇ ಬಂದರು. ತೊಟ್ಟಿಯ ನೀರು ಕಪ್ಪಗಾಗುತ್ತಿತ್ತು. ಕೂದಲು ಸುಟ್ಟ ವಾಸನೆ.

“ಇದು ಗುಂಡ ಅಲ್ಲ,” ಎಂದ. “ಗುಂಡ ಸತ್ತುಹೋದ. ಏನೋ ಕಾಯಿಲೆ ಬಂದಿತ್ತು.”

ದಾರ ಬಾಯಿಂದ ಇಷ್ಟೇ ಇಷ್ಟು ಇಣುಕಿತು. ಮತ್ತೆ ಒಳಗೆ ಹೋಯಿತು. ಅರ್ಧ ನಿಜ ಅದಕ್ಕೆ ಸಾಲದು.

“ಕಾಯಿಲೆ ಇರ್ಲಿಲ್ಲ. ಮೋಟಾರಿನ ಸದ್ದಿಗೆ ಮಧ್ಯಾಹ್ನ ನಿದ್ದೆ ಬರ್ತಿರ್ಲಿಲ್ಲ. ಆಫ್ ಮಾಡ್ದೆ. ಮತ್ತೆ ಹಾಕೋಕೆ ಮರ್ತೆ.”

ಒಂದು ಗಂಟು ಹೊರಬಂತು.

“ಕಾಳೂ ಹಾಕ್ಲಿಲ್ಲ. ಆ ಕಡೆ ತಿರುಗಿಯೂ ನೋಡ್ಲಿಲ್ಲ. ಕೊಳೆತ ವಾಸನೆ ಬಂದ್ಮೇಲೆ ಗೊತ್ತಾಯ್ತು.”

ಎರಡನೆಯದು.

ಮೂರನೆಯದು ಸಿಕ್ಕಿಕೊಂಡಿತು. ಮೀನು ಒದ್ದಾಡಿತು. ಕಿವಿರು ಅಗಲವಾಯಿತು. ನೀರು ನೆಲಕ್ಕೆ ಚೆಲ್ಲಿತು. ಮಗಳ ಕೈ ಬಾಗಿಲ ಚಿಲಕ ತಡಕುತ್ತಿತ್ತು. ಅವನಿಗೆ ಗೊತ್ತಿತ್ತು, ಉಳಿದದ್ದು ಯಾವುದೆಂದು. ಹೆಂಡತಿಯ ಎದುರು. ಮಗುವಿನ ಎದುರು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ. ಚಿಲಕ ಸರಿಯಿತು.

“ಅವನನ್ನ ಕಕ್ಕಸಿಗೆ ಹಾಕಿ ನೀರು ಬಿಟ್ಟೆ!” ಎಂದು ಕೂಗಿದ. “ನೀನು ದಿನಾ ಫೋನಲ್ಲಿ ಕೇಳ್ತಿದ್ದೆ, ಗುಂಡ ಊಟ ಮಾಡಿದ್ನಾ ಅಂತ. ಮಾಡ್ದ, ನಿನ್ನ ಕೇಳ್ತಿದ್ದ ಅಂತ ಹೇಳ್ತಿದ್ದೆ. ನೀನು ನಂಬ್ತಿದ್ದೆ. ನಾನು... ಫೋನಿಟ್ಟು ನಗ್ತಿದ್ದೆ.”

ದಾರ ಪೂರ್ತಿ ಹೊರಬಂದು, ಹುಳುವಿನಂತೆ ನುಲಿದು, ತಳಕ್ಕಿಳಿಯಿತು. ಮೋಟಾರು ಮತ್ತೆ ಗುಳುಗುಳು ಎಂದಿತು.

“ಅಪ್ಪ,” ಎಂದಳು ಮಗಳು.

ಅವನು ಕೈ ಚಾಚಿದ. ಅವಳು ಬರಲಿಲ್ಲ. ಕಣ್ತುಂಬ ಅವನನ್ನೇ ನೋಡಿದಳು. ತನ್ನನ್ನು ಗುರುತಿಸದಿದ್ದ ಆ ಕಣ್ಣುಗಳನ್ನು ಸಹಿಸಿದ್ದವನು ಈ ಕಣ್ಣುಗಳೆದುರು ತಲೆ ತಗ್ಗಿಸಿದ.

ಮೀನಿಗೆ ದೊಡ್ಡ ತೊಟ್ಟಿ ಬಂತು. ಮಗಳೇ ಅದನ್ನು ಜೋಪಾನ ಮಾಡಿದಳು. ಮುಂದಿನ ರಜೆಗೆ ಹೊರಡುವಾಗ ಚೀಟಿ ಅಂಟಿಸಿದ ಡಬ್ಬಿಯನ್ನು ಮೇಲಿನ ಮನೆಯ ನಿವೃತ್ತ ಟೀಚರ ಕೈಗೆ ಕೊಟ್ಟಳು. ಅವರು ದಿನಕ್ಕೆರಡು ಸಲ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ಅವನು ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುತ್ತಿದ್ದ. ಅವರು ಕಾಳು ಎಣಿಸಿ ಹಾಕುವುದನ್ನು ನೋಡುತ್ತಿದ್ದ.

ಒಂದು ಸಂಜೆ ಅವರು ಕಾಳು ಹಾಕುತ್ತಿದ್ದಾಗಲೇ ಫೋನು ಬಂತು. ಅವನು ಒಂದೇ ರಿಂಗಿಗೆ ಎತ್ತಿಕೊಂಡ.

“ಪುಟ್ಟಾ, ಮೀನು ಚೆನ್ನಾಗಿದೆ ಕಣೇ. ಈಗ ತಾನೇ ಊಟ...”

“ಅಪ್ಪ,” ಎಂದಳು ಮಗಳು, “ಫೋನ್ ಟೀಚರಿಗೆ ಕೊಡು.”

ಅವನು ಕೊಟ್ಟ.