ಕೈಮರ ತೋರಿಸದ ದಾರಿ

ವಸತಿ ಕಾಲೇಜಿಗೆ ಸೇರಲು ಬರೆಯಬೇಕಾದ ಶಾಲಾ ಪರೀಕ್ಷೆಯಲ್ಲಿ ಸಾಬಮ್ಮ ‘ನಮ್ಮ ಊರು’ ಎಂದು ಬರೆದು ಪೆನ್ನು ಎತ್ತುವಷ್ಟರಲ್ಲಿ ಕೈಮರ ಮೂರು ದಾರಿ ತೋರಿಸಿತು. ಬರೆಯುವ ಹಲಗೆಯ ಮೇಲೆ ಮೂರು ಹಸಿರು ಸಾಲು: ಕಲ್ಲಿನ ಊರಿನ ಸೊಬಗು, ದುಡಿಮೆಯ ಹಿರಿಮೆ, ಧೂಳಿನಿಂದ ರಕ್ಷಣೆಗೆ ಮುಖಗವಸು ಧರಿಸೋಣ. ಒಂದನ್ನು ಮುಟ್ಟಿದರೆ ಮತ್ತೆ ಮೂರು ಮೂಡುತ್ತವೆ. ನಾಲ್ಕು ಕವಲು ದಾಟುವಷ್ಟರಲ್ಲಿ ಬೆಟ್ಟದಷ್ಟಿದ್ದ ವಿಷಯ ಹಿಡಿಯೊಳಗೆ ಬರುತ್ತದೆ.

2060ರ ಹೊತ್ತಿಗೆ ನಾಡಿನ ಶಾಲೆಗಳಲ್ಲಿ ಕೈಮರವಿಲ್ಲದ ಬೆಂಚು ಇರಲಿಲ್ಲ. ಮಣಿಕಟ್ಟಿಗೆ ಕಟ್ಟಿದ ಪಟ್ಟಿ ಸ್ನಾಯುಗಳ ಸೂಕ್ಷ್ಮ ವಿದ್ಯುತ್ತನ್ನು ಓದಿ, ಕೈ ಎಲ್ಲಿ ತಡವರಿಸಿತು, ಯಾವ ಪದದ ಕಡೆ ಹೊರಟಿದೆ ಎಂದು ಹಲಗೆಗೆ ತಿಳಿಸುತ್ತಿತ್ತು. ಬರೆದು ಮುಗಿಸಿದ್ದಕ್ಕೆ ಅಂಕ ಕೊಡುವುದೂ ಅದೇ. ಏನು ಬರೆಯಬೇಕೆಂದು ತೋಚದೆ ಪೆನ್ನು ಕಚ್ಚಿಕೊಂಡು ಕೂರುವ ಮಕ್ಕಳೇ ಇಲ್ಲವಾದರು. ಅದನ್ನು ರೂಪಿಸಿದ ಡಾ. ಸುಧನ್ವ ಹಂಪಿಹೊಳಿಯವರಿಗೆ ಶಾಲು ಹೊದಿಸಿ ಹೊದಿಸಿ ನಾಡಿಗೆ ಕೈ ಸೋತಿತ್ತು.

ಸಾಬಮ್ಮ ಒಂದನ್ನೂ ಮುಟ್ಟಲಿಲ್ಲ. ತನ್ನ ಕನ್ನಡ ಟೀಚರ್ ಮಾಳಮ್ಮ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಕಲಿಸಿದ ಮೂರು ಪ್ರಶ್ನೆಗಳನ್ನಷ್ಟೇ ಹಿಡಿದಳು: ಯಾರದು? ಯಾವತ್ತು? ಯಾರು ಮಾಡಿದ್ದು? ಊರನ್ನು ಬಿಟ್ಟು, ನೆಲಹಾಸಿನ ಪರ್ಸಿ ಕಲ್ಲಿನ ಕಾರ್ಖಾನೆಗೆ ಬಂದಳು, ಕಾರ್ಖಾನೆಯಿಂದ ಅಪ್ಪನ ಕೆಮ್ಮಿಗೆ, ಕೆಮ್ಮಿನಿಂದ ಒಂದು ಮಂಗಳವಾರಕ್ಕೆ. ಅಂದು ಪಾಲಿಶ್ ಮಷೀನಿನ ನೀರಿನ ಪೈಪು ಕಿತ್ತರು. ನೀರಿದ್ದರೆ ಕಲ್ಲಿನ ಪುಡಿ ಕೆಸರಾಗಿ ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಮನುಷ್ಯನ ಎದೆಗಿಳಿಯುತ್ತದೆ. ಕೀಳಿಸಿದ ಮಾಲೀಕನ ಹೆಸರನ್ನೂ ಬರೆದಳು.

ಕೈಮರದ ತೀರ್ಪು ಎರಡೇ ಮಾತಿನದು: ವಿಷಯ ಕಿರಿದಾಗಿಲ್ಲ. ಸೊನ್ನೆ.

ವಸತಿ ಕಾಲೇಜಿನ ಬಾಗಿಲು ಅಲ್ಲಿಗೆ ಮುಚ್ಚಿತು. ಹದಿನೈದರ ಹುಡುಗಿಗೆ ಉಳಿದದ್ದು ಅಪ್ಪನ ಅದೇ ಮಷೀನು.

ಮಾಳಮ್ಮ ಸುಮ್ಮನಿರುವ ಹೆಂಗಸಲ್ಲ. ವಾರಕ್ಕೆ ಮೂರರಂತೆ ದೂರು ಬರೆದಳು. ಹನ್ನೊಂದನೆಯದಕ್ಕೆ ವಿಜ್ಞಾನಿ ಸುಧನ್ವನೇ ಶಾಲೆಗೆ ಬಂದ. ಕೂರಲು ಕುರ್ಚಿ ಎಳೆಯುವ ಮೊದಲೇ ಅವಳು ಶುರು ಹಚ್ಚಿದಳು.

“ಏನಂತದ್ರಿ ನಿಮ್ಮ ಮಷೀನು? ಕಿರಿದಾಗಿಲ್ಲಂತ? ಊರಿಂದ ಒಬ್ಬನ ಎದಿಗೆ ಬಂದಾಳ, ಎದಿಯಿಂದ ಒಂದು ಪೈಪಿಗೆ ಬಂದಾಳ. ಇನ್ನೇನು ಸೂಜಿ ಕಣ್ಣಾಗ ತೂರಿಸಬೇಕೇನು?”

“ಸಿಟ್ಟಾಗಬ್ಯಾಡ್ರಿ ಮೇಡಂ...”

“ಆಗ್ತೀನ್ರಿ. ಆಗದ ಏನು ನಿಮಗ ಆರತಿ ಎತ್ತಲಿ?”

ಬೆಂಚಿನ ತುದಿಯಲ್ಲಿದ್ದ ಸಾಬಮ್ಮ ದುಪ್ಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಸುಧನ್ವ ಹಲಗೆಯ ಹೊಟ್ಟೆ ಬಿಚ್ಚಿ ಕವಲುಗಳ ನಕ್ಷೆ ತೆರೆದ. ಬೇರುಗಳಂತೆ ಹರಡಿದ ಗೆರೆಗಳಲ್ಲಿ ಕೆಲವು ದಪ್ಪ, ಕೆಲವು ಕೂದಲೆಳೆ. “ನಿಮ್ಮ ಹುಡುಗಿ ಹಿಡಿದ ದಾರಿ ಇದರಾಗ ಅದ ಮೇಡಂ. ಆದರ ಮಷೀನು ತೋರಸೂದಿಲ್ಲ. ನಾ ಅದಕ್ಕ ಯಾವ ನೀತಿನೂ ಹೇಳಿಲ್ಲ. ಎಂಟು ಲಕ್ಷ ಹಳೇ ಉತ್ತರ ಪತ್ರಿಕೆ ಓದಿಸೀನಿ, ಅಷ್ಟ. ಯಾವ ದಾರಿ ಹಿಡಿದವರಿಗೆ ಅಂಕ ಬಂತೋ ಅದು ರಸ್ತೆ ಆತು. ಬರಲಿಲ್ಲೋ, ಅಲ್ಲಿ ಬೇಲಿ ಬಿತ್ತು.”

“ಬೇಲಿ ಹಾಕಿದ ಕೈ ತೋರಸ್ರಿ. ಯಾವ ಪುಣ್ಯಾತ್ಮರು ನೋಡ್ತೀನಿ.”

ಸಾಬಮ್ಮನ ಬರಹಕ್ಕೆ ಅತಿ ಹತ್ತಿರದ ಮೂರು ಪತ್ರಿಕೆಗಳನ್ನು ಅವನು ತೆರೆದ. ಮೊದಲನೆಯದರಲ್ಲಿ ಒಬ್ಬ ಹುಡುಗ, ಗಾರ್ಮೆಂಟ್ಸಿನಲ್ಲಿ ತನ್ನ ತಾಯಿ ಎಷ್ಟು ಗಂಟೆ ಉಚ್ಚೆ ತಡೆದು ಕೂರುತ್ತಾಳೆ, ಶೌಚಾಲಯದ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ ಎಂದು ಬರೆದಿದ್ದ. ಅಂಚಿನಲ್ಲಿ ಕೆಂಪು ಶಾಯಿ: ‘ಅಸಭ್ಯ.’ ಎರಡು ಅಂಕ. ಎರಡನೆಯದು, ಮ್ಯಾನ್‌ಹೋಲಿಗೆ ಇಳಿದು ಮೇಲೆ ಬರದ ಚಿಕ್ಕಪ್ಪನ ಕುರಿತದ್ದು. ‘ಗುತ್ತಿಗೆದಾರರ ಹೆಸರು ಅನಗತ್ಯ.’ ಒಂದೂವರೆ.

“ಥೂ!” ಎಂದಳು ಮಾಳಮ್ಮ. “ಪೆನ್ನು ಹಿಡಿದಿದ್ರೋ, ಕತ್ತರಿ ಹಿಡಿದಿದ್ರೋ! ಇವರ ಕೈಗೆ ಕರಿ ನಾಗರ ಕಚ್ಚಲಿ.”

ಮೂರನೆಯದು 2028ರ ಪತ್ರಿಕೆ. ವಿಷಯ, ನನ್ನ ತಾಯಿ. ಇಟ್ಟಿಗೆ ಭಟ್ಟಿಯ ಲೆಕ್ಕ ನೋಡುವ ಮುನ್ಷಿ ರಜೆ ಕೊಡದೆ, ತಾಯಿ ಹಸಿ ಇಟ್ಟಿಗೆಗಳ ಸಾಲಿನ ನಡುವೆ ಹೆತ್ತದ್ದನ್ನು ಒಬ್ಬ ಹುಡುಗಿ ಬರೆದಿದ್ದಳು. ಕೆಳಗೆ ಗುಂಡಗಿನ, ಶಿಸ್ತಾದ ಅಕ್ಷರ: ‘ವಿಷಯಾಂತರ. ತಾಯಿಯ ತ್ಯಾಗವನ್ನು ವರ್ಣಿಸಬೇಕಿತ್ತು.’ ಎರಡು ಅಂಕ. ಪಕ್ಕದಲ್ಲಿ ಚಿಕ್ಕ ಸಹಿ.

ಮಾಳಮ್ಮ ಬೈಯಲು ಬಾಯಿ ತೆರೆದವಳು ಆ ಸಹಿಯ ಮೇಲೆ ಬೆರಳಿಟ್ಟಳು.

“ಯಾಕ್ರಿ ಟೀಚರ್?”

“ನಂದದ ಯವ್ವಾ ಇದು. ನನ್ನ ಕೈ.”

ಅವಳಿಗಾಗ ಇಪ್ಪತ್ತಾರು. ಮೌಲ್ಯಮಾಪನ ಶಿಬಿರದ ಉದ್ದನೆಯ ಹಾಲ್, ಸೆಖೆ, ಸಂಜೆಯ ಬಸ್ಸಿನ ಅವಸರ. ಆ ಇಟ್ಟಿಗೆಗಳು ಆ ದಿನ ಅವಳಿಗೆ ಕಂಡಿರಲೇ ಇಲ್ಲ. ಮಾದರಿ ಉತ್ತರದಲ್ಲಿ ತ್ಯಾಗವಿತ್ತು, ಇಲ್ಲಿ ಇರಲಿಲ್ಲ. ಕೈ ತಾನಾಗಿ ಗೀಚಿತ್ತು. ಯಾರೂ ಅವಳನ್ನು ಬೆದರಿಸಿರಲಿಲ್ಲ. ಅದೇ ಈಗ ಎದೆ ಸುಟ್ಟದ್ದು.

“ಆಕಿ ಈಗ ಎಲ್ಲಿ ಅದಾಳ್ರಿ?” ಸಾಬಮ್ಮ ಕೇಳಿದಳು.

ಸುಧನ್ವ ಹುಡುಕಿದ. “ಹೆಸರಿಲ್ಲ. ನಂಬರ್ ಅಷ್ಟ ಅದ.”

ಯಂತ್ರದ ಅಂಕವನ್ನು ಶಿಕ್ಷಕರು ಕಾರಣ ಬರೆದು ಸಹಿ ಹಾಕಿ ಬದಲಿಸಬಹುದು, ಅದೇ ಅಂತಿಮ ಎಂಬ ನಿಯಮವೊಂದಿತ್ತು. ಅದು ಮಾಳಮ್ಮನಿಗೆ ಗೊತ್ತಿತ್ತು. ಯಂತ್ರವೇ ತಪ್ಪೊಪ್ಪಿಕೊಳ್ಳಲಿ ಎಂದು ಇಷ್ಟು ದಿನ ದೂರು ಬರೆಯುತ್ತ ಕೂತಿದ್ದಳು. ಈಗ ಸಾಬಮ್ಮನ ಪತ್ರಿಕೆ ಎಳೆದುಕೊಂಡು ಹತ್ತಕ್ಕೆ ಒಂಬತ್ತು ಬರೆದಳು. ಕಾರಣದ ಜಾಗದಲ್ಲಿ: ‘ಪೈಪು ಕಿತ್ತದ್ದು ನನಗೆ ಕಂಡಿತು.’ ಕೆಳಗೆ ತನ್ನ ಪೂರ್ತಿ ಹೆಸರು.

“ಮಾಲೀಕ ಕೋರ್ಟಿಗೆ ಹೋದರ ಮೊದಲು ನಿಮ್ಮನ್ನ ಎಳೀತಾನ,” ಎಂದ ಸುಧನ್ವ.

“ಎಳೀಲಿ. ಒಂದು ಅಂಕ ಯಾಕ ಹಿಡಿದೆ ಅಂತ ಬೇಕಾದ್ರ ಕೇಳ್ರಿ. ಕಡೀ ಸಾಲು ಅವಸರದಾಗ ಮುಗಿಸ್ಯಾಳ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಇನ್ನ ಮುಂದ ಮಷೀನು ಆ ದಾರಿ ತೋರಸ್ತದೇನ್ರಿ?”

“ಎಂಟು ಲಕ್ಷದ ಮುಂದ ಒಂದಕ್ಕ ಅದು ಕಲಿಯೂದಿಲ್ಲ ಮೇಡಂ. ಅಂಥಾ ಸಾವಿರಾರು ಪತ್ರಿಕೆ ಬೇಕಿತ್ತು. ಆವಾಗ.”

ಸಾಬಮ್ಮ ಕಾಲೇಜು ಸೇರಿದಳು. ಉಳಿದ ಬೆಂಚುಗಳ ಮೇಲೆ ಹಸಿರು ಸಾಲುಗಳು ಮೂರು ಮೂರಾಗಿ ಮೂಡುತ್ತಲೇ ಇದ್ದವು. ಮಕ್ಕಳು ಮುಟ್ಟುತ್ತಲೇ ಇದ್ದರು.

ಆದರೆ ಇದನ್ನು ಓದುವ ನಮ್ಮ ಕಾಲಕ್ಕೆ 2028 ಇನ್ನೂ ಬಂದಿಲ್ಲ. ಇಟ್ಟಿಗೆ ಭಟ್ಟಿಯ ಆ ಹುಡುಗಿ ಇನ್ನೂ ತನ್ನ ಪತ್ರಿಕೆ ಬರೆದಿಲ್ಲ. ಅದು ಯಾರ ಮೇಜಿಗೆ ಬರಲಿದೆಯೋ ಅವರು ಈಗ ಇದನ್ನು ಓದುತ್ತಿರಬಹುದು.